ಥೆಮೆಲೀನಾಳ ಮೂರನೆಯ ತಟ್ಟೆ

ಟಾರ್ಪನ್ ಸ್ಪ್ರಿಂಗ್ಸಿನ ಧಕ್ಕೆಯ ಮೇಲೆ ಸ್ಪಂಜು ಮಾರುವ ಅಂಗಡಿಗಳು ಹನ್ನೊಂದು. ಅವುಗಳಲ್ಲಿ ಹತ್ತು ಅಂಗಡಿಯವರು ಗಿರಾಕಿಯನ್ನು ಕೂಗಿ ಕರೆಯುತ್ತಾರೆ. ಥೆಮೆಲೀನಾ ಕರೆಯುವುದಿಲ್ಲ. ಬಾಗಿಲಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು, ಒಣಗಿ ಕಲ್ಲಾದ ಸ್ಪಂಜೊಂದನ್ನು ಅದರಲ್ಲಿ ಅದ್ದಿ, ಅದು ಅಂಗೈಯಲ್ಲೇ ಉಬ್ಬಿ ಮೆತ್ತಗಾಗುವುದನ್ನು ತಾನೇ ಮೊದಲ ಸಲ ಕಂಡವಳ ಹಾಗೆ ನೋಡುತ್ತ ಕೂರುತ್ತಾಳೆ. ಹಾದುಹೋಗುವವರು ನಿಲ್ಲುತ್ತಾರೆ. ನಿಂತವರು ಬರಿಗೈಯಲ್ಲಿ ಹೋದದ್ದು ಕಡಿಮೆ. ಬೆಲೆ ಇಳಿಸು ಅಂದರೆ ಇಳಿಸುವುದಿಲ್ಲ. ಬೆರಳಷ್ಟು ದಪ್ಪದ ಪುಟ್ಟ ಸ್ಪಂಜೊಂದನ್ನು ಮೇಲೆ ಹಾಕಿ, "ಇದು ಮಗೂಗೆ," ಅನ್ನುತ್ತಾಳೆ. ಮಕ್ಕಳಿಲ್ಲದವರೂ ಸಂತೋಷದಿಂದ ತೆಗೆದುಕೊಂಡು ಹೋಗುತ್ತಾರೆ.

ಅವಳಿಗೆ ಅರವತ್ತಾರು. ಕಾಲಿಮ್ನೋಸ್ ದ್ವೀಪದಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿಗೆ ಅಪ್ಪನ ಹಿಂದೆ ಫ್ಲಾರಿಡಾಕ್ಕೆ ಬಂದವಳು. ಗಂಡ ಮಿಕೇಸ್ ಇಪ್ಪತ್ತು ವರ್ಷ ಕಡಲ ತಳದಲ್ಲಿ ಸ್ಪಂಜು ಕೊಯ್ದ. ಆಮೇಲೆ ಕಡಲು ಅವನ ಎರಡೂ ಕಾಲುಗಳನ್ನು ತಾನೇ ಇಟ್ಟುಕೊಂಡಿತು. ಐದು ವರ್ಷ ಗಾಲಿಕುರ್ಚಿಯಲ್ಲಿ ಕೂತು ಹವಾಮಾನವನ್ನು ಬೈದು, ಒಂದು ದಿನ ಬೈಗುಳದ ನಡುವೆಯೇ ಹೋಗಿಬಿಟ್ಟ. ಅದು ಹನ್ನೆರಡು ವರ್ಷದ ಹಿಂದಿನ ಮಾತು.

ಅಂಗಡಿಯಲ್ಲದೆ ಥೆಮೆಲೀನಾಳಿಗೆ ಇನ್ನೊಂದು ಕಸುಬಿತ್ತು. ಅದರಲ್ಲಿ ಲಾಭವಿಲ್ಲ, ಗತ್ತು ಮಾತ್ರ. ಊರಿನ ಗ್ರೀಕರಲ್ಲಿ ಯಾರು ಸತ್ತರೂ ನಲವತ್ತನೆಯ ದಿನಕ್ಕೂ ವರ್ಷಕ್ಕೂ ಚರ್ಚಿಗೆ ಹೋಗುವ ಕೋಲಿವಾ ತಟ್ಟೆ ಅವಳ ಕೈಯದೇ. ಗೋಧಿ ಬೇಯಿಸಿ, ಬಟ್ಟೆಯ ಮೇಲೆ ಹರವಿ ಆರಿಸಿ, ದ್ರಾಕ್ಷಿ, ಬಾದಾಮಿ, ದಾಳಿಂಬೆ, ಚಕ್ಕೆಪುಡಿ ಬೆರೆಸಿ, ತಟ್ಟೆಯಲ್ಲಿ ಗೋರಿಯ ಆಕಾರಕ್ಕೆ ಗುಡ್ಡೆ ಮಾಡಬೇಕು. ಮೇಲೆ ರಸ್ಕಿನ ಪುಡಿಯದೊಂದು ಪದರ, ಅದರ ಮೇಲೆ ಸಕ್ಕರೆ ಪುಡಿಯದು ಇನ್ನೊಂದು. ಕಾಗದ ಇಟ್ಟು ಒತ್ತಿ ನುಣುಪು ಮಾಡಿದ ಮೇಲೆ ಬೆಳ್ಳಿ ಬಣ್ಣದ ಸಣ್ಣ ಮಿಠಾಯಿಗಳಿಂದ ಒಂದು ಶಿಲುಬೆ, ಅದರ ಕೆಳಗೆ ಸತ್ತವರ ಹೆಸರಿನ ಮೊದಲ ಅಕ್ಷರ. ಪಾದ್ರಿ ಪ್ರಾರ್ಥನೆ ಓದಿದ ಮೇಲೆ ಬಂದವರೆಲ್ಲ ಒಂದೊಂದು ಚಮಚ ತಿಂದು, "ದೇವರು ಕ್ಷಮಿಸಲಿ," ಅನ್ನುತ್ತಾರೆ. ಬೇರೆಯವರು ಮಾಡಿದರೆ ಗೋಧಿಯ ತೇವ ಮೇಲಕ್ಕೆ ಬಂದು ಸಕ್ಕರೆಯ ಮೇಲೆ ಹಳದಿ ಕಲೆ ಏಳುತ್ತದೆ. ಥೆಮೆಲೀನಾಳ ಸಕ್ಕರೆಯ ಮೇಲೆ ಕಲೆ ಕಂಡವರಿರಲಿಲ್ಲ. ಊರಿನ ಮುದುಕಿಯರು ಬದುಕಿರುವಾಗಲೇ ಬಂದು ಹೇಳಿ ಹೋಗುತ್ತಿದ್ದರು: "ನಂದನ್ನ ನೀನೇ ಮಾಡ್ಬೇಕು ಕಣೇ. ಆ ಸೊಸೆ ಕೈಗೆ ಕೊಟ್ಟೀಯ ಮತ್ತೆ."

ಇಷ್ಟೆಲ್ಲರಿಗೆ ಬೇಯಿಸಿದವಳು ಒಬ್ಬನಿಗೆ ಮಾತ್ರ ಬೇಯಿಸಿರಲಿಲ್ಲ. ಅವನು ಅವಳ ಸ್ವಂತ ತಮ್ಮ, ಸಕೆಲ್ಲಾರಿಸ್.

ಇಪ್ಪತ್ತೇಳು ವರ್ಷದ ಹಿಂದೆ ಸಕೆಲ್ಲಾರಿಸ್ ಸ್ಪಂಜು ಕೊಯ್ಯಲು ಇಳಿದ, ಮೇಲೆ ಬರಲಿಲ್ಲ. ಉಸಿರಿನ ಕೊಳವೆ ಸಿಕ್ಕಿತು, ಅವನು ಸಿಗಲಿಲ್ಲ. ಆಗ ಅವನ ಹೆಂಡತಿ ನೊಮಿಕಿಗೆ ಇಪ್ಪತ್ತೇಳು, ಮಗಳು ಇರೀನಿಗೆ ಎರಡು. ಥೆಮೆಲೀನಾಳ ತಾಯಿ ಕಥೋಲಿಕಿ ಹಠ ಹಿಡಿದು ಕೂತಳು: ಕಡಲು ವಾಪಸು ಕೊಡುವವರೆಗೆ ನನ್ನ ಮಗ ಸತ್ತಿಲ್ಲ, ಅವನ ಹೆಸರಿಗೆ ಯಾರೂ ಗೋಧಿ ಬೇಯಿಸಕೂಡದು, ಸೊಸೆ ವಿಧವೆಯ ಕಪ್ಪು ಉಡಕೂಡದು. ಸರ್ಕಾರದವರು ಕೆಲವು ವರ್ಷ ಕಾದು ಸತ್ತನೆಂದು ಕಾಗದ ಕೊಟ್ಟರು. ಕಥೋಲಿಕಿ ಆ ಕಾಗದವನ್ನು ಓದಲೂ ಇಲ್ಲ. ಒಂಬತ್ತನೆಯ ವರ್ಷ ತಾನು ಸಾಯುವಾಗ ಮಗಳ ಕೈ ಹಿಡಿದು, ಅದೇ ಮಾತನ್ನು ಅವಳಿಂದ ಆಡಿಸಿಕೊಂಡು ಹೋದಳು.

ಹೀಗಾಗಿ ನೊಮಿಕಿ ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಕಪ್ಪು ಉಡುವಂತಿಲ್ಲ, ಬಣ್ಣ ಉಡಲು ಮನಸ್ಸಿಲ್ಲ. ಬೂದು ಬಟ್ಟೆಯಲ್ಲೇ ಐವತ್ತನಾಲ್ಕಾದಳು. ಅತ್ತಿಗೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕತ್ತರಿಯಿಂದ ಸ್ಪಂಜಿನ ಅಂಚು ಕತ್ತರಿಸುವುದು ಅವಳ ಕೆಲಸ. ಕ್ಲಿಯರ್‌ವಾಟರಿನ ಬೇಕರಿಯವನೊಬ್ಬ, ಹೆಂಡತಿ ತೀರಿಕೊಂಡಿದ್ದವನು, ಅವಳಿಗಾಗಿ ಆರು ವರ್ಷ ಕಾದು ಏಳನೆಯ ವರ್ಷ ಬೇರೊಬ್ಬಳನ್ನು ಮದುವೆಯಾದ. ಒಮ್ಮೆ ಮಾತ್ರ, ಮುದುಕಿ ಸತ್ತ ಮರುವರ್ಷ, ನೊಮಿಕಿ ಕೇಳಿದ್ದಳು: "ಅಕ್ಕ, ಅವರಿಗೊಂದು ತಟ್ಟೆ ಮಾಡ್ತೀಯಾ?" ಥೆಮೆಲೀನಾ, "ಅಮ್ಮನಿಗೆ ಮಾತು ಕೊಟ್ಟಿದ್ದೀನಿ," ಅಂದಳು. ಬೇರೆ ಹೆಂಗಸರನ್ನು ಕೇಳಬಹುದಿತ್ತು. ಆದರೆ ಅಕ್ಕನಿಗೆ ಬೇಡವಾದದ್ದಕ್ಕೆ ಕೈ ಹಾಕುವ ಧೈರ್ಯ ಊರಲ್ಲಿ ಯಾರಿಗಿತ್ತು?

ಈ ನಡುವೆ ಇರೀನಿ ಬೆಳೆದು ಷಿಕಾಗೊಕ್ಕೆ ಹೋಗಿ ಸಿನಿಮಾ ಕಲಿತು, ಇಪ್ಪತ್ತೊಂಬತ್ತರಲ್ಲಿ ಒಂದು ಹಳೆಯ ವ್ಯಾನು, ನಾಲ್ಕು ಜನ ಗೆಳೆಯರು ಮತ್ತು ಮೂರು ದೊಡ್ಡ ದೀಪಗಳ ಸಮೇತ ಊರಿಗೆ ಬಂದಳು. ಗ್ರೀಕರ ಒಂದು ಮನೆ, ಅಪ್ಪ ಸತ್ತು ನಲವತ್ತನೆಯ ದಿನ, ಎಲ್ಲರೂ ಸೇರಿದ್ದಾರೆ, ಯಾರೂ ಹೇಳಬೇಕಾದ್ದನ್ನು ಹೇಳುತ್ತಿಲ್ಲ: ಇದು ಕಥೆ. ಪಾತ್ರಕ್ಕೆಲ್ಲ ಊರಿನವರೇ. ಅವರಿಗೆ ಕೊಡುವುದು ಊಟ ಮಾತ್ರ. ಅಂಗಡಿಗೆ ಬಂದವಳು ನೇರ ವಿಷಯಕ್ಕೆ ಬಂದಳು.

"ಅತ್ತೆ, ಒಂದು ಕೋಲಿವಾ ಬೇಕು."

ಥೆಮೆಲೀನಾ ಬಕೆಟ್ಟಿನಿಂದ ಕೈ ತೆಗೆದಳು. "ಯಾರು ಹೋದ್ರು?"

"ಯಾರೂ ಹೋಗಿಲ್ಲ. ಸಿನಿಮಾದಲ್ಲಿ ಹೋಗಿದ್ದಾನೆ. ಯಾನಿಸ್ ಅಂತ. ಅಡುಗೆಮನೇಲಿ ಎದೆ ನೋವು ಬಂದು."

"ಯಾವ ಯಾನಿಸ್? ಈ ಧಕ್ಕೇಲಿ ನಿಂತು ಯಾನಿಸ್ ಅಂತ ಕೂಗಿದ್ರೆ ನಲವತ್ತು ತಲೆ ತಿರುಗುತ್ತೆ."

"ಕಥೆ ಅತ್ತೆ ಅದು. ಅಂಥೋನು ಯಾರೂ ಇಲ್ಲ."

"ಇಲ್ಲದೋನಿಗೆ ಗೋಧಿ ಬೇಯಿಸಿದ್ರೆ ಇರೋನೊಬ್ಬ ಸತ್ತು ಬಂದು ತಿಂದು ಹೋಗ್ತಾನೆ. ನಿಮ್ಮಜ್ಜಿ ಹೇಳ್ತಿದ್ಲು."

"ಹಾಗಾದ್ರೆ ಬಿಡಿ. ಮರಳು ತಂದು ಗುಡ್ಡೆ ಹಾಕಿ ಮೇಲೆ ಸಕ್ಕರೆ ಸುರೀತೀನಿ. ಕ್ಯಾಮರಾಗೆ ಏನು ಗೊತ್ತಾಗುತ್ತೆ?"

ಥೆಮೆಲೀನಾ ತಮ್ಮನ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. ಹುಡುಗಿ ಸಿನಿಮಾ ಕಲಿತಿರಬಹುದು, ರಕ್ತ ಮಾತ್ರ ವ್ಯಾಪಾರದ್ದೇ. ನಾಳೆ ಆ ಮರಳಿನ ಗುಡ್ಡೆಯನ್ನು ಪರದೆಯ ಮೇಲೆ ನೋಡಿ ಊರಿಗೆ ಊರೇ ಥೆಮೆಲೀನಾಳ ಕೈಯದು ಎಂದುಕೊಂಡರೆ?

"ಮಾಡ್ತೀನಿ. ಆದ್ರೆ ನಿಜವಾಗಿ ಸತ್ತೋರ ಹೆಸರಲ್ಲಿ. ನಿಮ್ಮಜ್ಜಿ ಹೆಸರಲ್ಲಿ. ನಿನ್ನ ಶೂಟಿಂಗ್ ಆದ್ಮೇಲೆ ತಟ್ಟೆ ಚರ್ಚಿಗೆ ಹೋಗುತ್ತೆ, ಪಾದ್ರಿ ಓದ್ತಾರೆ."

"ಅಜ್ಜಿ ಹೆಸರಿಂದು ಕ ಅಕ್ಷರ ಅಲ್ವಾ? ನನ್ನೋನು ಯಾನಿಸ್."

"ನಿನ್ನೋನ ಹೆಸರು ಬದಲಾಯಿಸು. ಅವನೇನು ತಕರಾರು ಮಾಡ್ತಾನಾ?"

ಹೀಗೆ ಯಾನಿಸ್ ಹೋಗಿ ಕೊಸ್ತಾಸ್ ಸತ್ತ.

ವಿಧವೆಯ ಪಾತ್ರಕ್ಕೆ ಇರೀನಿ ತನ್ನ ತಾಯಿಯನ್ನೇ ಕೇಳಿದ್ದಳು. ನೊಮಿಕಿ ಕತ್ತರಿ ಕೆಳಗಿಟ್ಟು ಒಂದೇ ಪ್ರಶ್ನೆ ಹಾಕಿದಳಂತೆ: "ಕಪ್ಪು ಉಡ್ಬೇಕಾ?" ಹೌದು ಅಂದದ್ದಕ್ಕೆ, "ಸರಿ," ಅಂದು ಮತ್ತೆ ಕತ್ತರಿ ಎತ್ತಿಕೊಂಡಳಂತೆ. ಇದು ಥೆಮೆಲೀನಾಳ ಕಿವಿಗೆ ಬಿದ್ದಾಗ ಅವಳು ಗಿರಾಕಿಯೊಬ್ಬನಿಗೆ ಎರಡು ಪುಟ್ಟ ಸ್ಪಂಜು ಜಾಸ್ತಿ ಹಾಕಿಬಿಟ್ಟಳು.

ಶೂಟಿಂಗು ಚರ್ಚಿನ ಪಕ್ಕದ ಸಭಾಂಗಣದಲ್ಲಿ. ಪಾದ್ರಿ ಪನೊರ್ಮೀತಿಸ್ ಜಾಗ ಕೊಟ್ಟರು, ಸುಳ್ಳು ಶ್ರಾದ್ಧ ಓದಲು ಒಪ್ಪಲಿಲ್ಲ. ಹಾಗಾಗಿ ಏಸಿ ರಿಪೇರಿ ಮಾಡಿ ನಿವೃತ್ತನಾಗಿದ್ದ ಆಂತೋನಿಸ್‌ಗೆ ನಿಲುವಂಗಿ ತೊಡಿಸಿದರು. ಗಡ್ಡ ಅವನ ಸ್ವಂತದ್ದು. ಕಂಠ ಪಾದ್ರಿಗಿಂತ ಒಂದು ಕೈ ಮೇಲು. ಅವನು ಒಳಗೆ ಬಂದದ್ದೇ ತಡ, ಸಾಲಾಗಿ ಕೂತಿದ್ದ ಮುದುಕಿಯರು ಅಭ್ಯಾಸಬಲದಿಂದ ಎದ್ದು ಒಬ್ಬೊಬ್ಬರಾಗಿ ಅವನ ಕೈಗೆ ಮುತ್ತಿಟ್ಟರು. ಥೆಮೆಲೀನಾಳೂ ಇಟ್ಟಳು. ಕೂತ ಮೇಲೆ ನೆನಪಾಯಿತು: ಇವನು ತನ್ನ ಅಂಗಡಿಗೆ ಹಾಕಿಕೊಟ್ಟ ಏಸಿ ಒಂದು ಬೇಸಿಗೆಯನ್ನೂ ತಂಪು ಮಾಡಿರಲಿಲ್ಲ.

ಚಿತ್ರೀಕರಿಸಬೇಕಿದ್ದದ್ದು ಇಷ್ಟೇ. ವಿಧವೆ ತಟ್ಟೆಯ ಮುಂದೆ ಕೂತಿರುತ್ತಾಳೆ. ಮೊದಲ ಚಮಚ ಅವಳದು. ತಿಂದು, "ಕೊಸ್ತಾಸ್‌ನನ್ನು ದೇವರು ಕ್ಷಮಿಸಲಿ," ಅನ್ನಬೇಕು.

ನೊಮಿಕಿ ಟ್ಯಾಂಪಾದ ಒಂದು ನಾಟಕದ ಕಂಪನಿಯಿಂದ ತಂದಿದ್ದ ಕಪ್ಪು ಉಡುಪು ಉಟ್ಟು ಬಂದಳು. ಯಾರೋ ಕೆಮ್ಮಿದರು. ಅವಳು ಕೂತಳು, ತಿಂದಳು, ಮಾತು ಹೇಳಿದಳು.

"ಕಟ್," ಅಂದಳು ಇರೀನಿ. "ಅಮ್ಮಾ, ನೀನು ಗಂಡನ್ನ ಕಳ್ಕೊಂಡಿದ್ದೀಯ. ಸ್ಪಂಜಿನ ತೂಕ ನೋಡೋ ಥರ ತಟ್ಟೆ ನೋಡ್ಬೇಡ."

"ಈ ಕೊಸ್ತಾಸ್ ಯಾರು ಅಂತಾನೇ ನಂಗೊತ್ತಿಲ್ಲ. ಗೊತ್ತಿಲ್ಲದ ಗಂಡಸಿಗೆ ಅಳ್ತಾ ಕೂತ್ರೆ ಊರೋರು ಏನಂತಾರೆ?"

ಎಲ್ಲರೂ ನಕ್ಕರು. ಮತ್ತೆ ತೆಗೆದರು, ಮತ್ತೆ ತೆಗೆದರು. ನೊಮಿಕಿಗೆ ಕೈ ಎಲ್ಲಿಡಬೇಕು ತಿಳಿಯುತ್ತಿರಲಿಲ್ಲ; ಒಮ್ಮೆ ಮೇಜಿನ ಮೇಲೆ, ಒಮ್ಮೆ ಕತ್ತರಿ ಹಿಡಿದವಳ ಹಾಗೆ ಗಾಳಿಯಲ್ಲಿ. ಆಗ ಸಾಲಿನ ಹೆಂಗಸರು ಪಾಠಕ್ಕೆ ನಿಂತರು.

"ಕೈ ಮಡಿಲಲ್ಲಿಡು, ಬೆರಳು ಒಳಕ್ಕೆ."

"ಬಂದೋರ ಮುಖ ನೋಡ್ಬೇಡ. ನಾನು ನಮ್ಮನೆಯವರಿಗೆ ಕೂತಾಗ ಬರೀ ಬೂಟು ನೋಡ್ತಿದ್ದೆ."

"ಬೂಟು ನೋಡೇ ಅಲ್ವಾ ನೀನು ಎರಡನೇ ಗಂಡನ್ನ ಆರಿಸಿದ್ದು?"

"ಏ, ನೀನು ಸುಮ್ನಿರು. ಮೊದಲ್ನೇ ವಾರ ಅಳು ಬರಲ್ಲ ನೊಮಿಕಿ, ಹಸಿವಾಗುತ್ತೆ. ಅದನ್ನ ಯಾರೂ ಹೇಳಲ್ಲ."

"ಹೌದಾ?" ಅಂದಳು ನೊಮಿಕಿ. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ಥೆಮೆಲೀನಾ ಪಕ್ಕದ ಕುರ್ಚಿಯಲ್ಲಿ ಕೂತು ಇದನ್ನು ನೋಡಿದಳು. ಈ ಕೋಣೆಯಲ್ಲಿದ್ದ ಅರ್ಧಕ್ಕರ್ಧ ಹೆಂಗಸರು ವಿಧವೆಯ ಕುರ್ಚಿಯಲ್ಲಿ ಕೂತೆದ್ದವರು, ಯಾರಿಗೂ ಕಲಿಸಬೇಕಾಗಿರಲಿಲ್ಲ. ಐವತ್ತನಾಲ್ಕು ವರ್ಷದವಳೊಬ್ಬಳು ಮಾತ್ರ ಈಗ ಶಾಲೆಗೆ ಸೇರಿದ ಹಾಗೆ ಕೂತಿದ್ದಳು.

ಅಷ್ಟರಲ್ಲಿ ಮೂರು ದೀಪಗಳ ಕಾವಿಗೆ ಸಕ್ಕರೆ ಬೆವರತೊಡಗಿತು. ಶಿಲುಬೆ ವಾಲಿತು. ಥೆಮೆಲೀನಾಳ ತಟ್ಟೆಯ ಮೇಲೆ ಊರು ಮೊದಲ ಸಲ ಹಳದಿ ಕಲೆ ನೋಡಿತು. ತಟ್ಟೆಯನ್ನು ಬಟ್ಟೆ ಮುಚ್ಚಿ ಚರ್ಚಿಗೆ ಒಯ್ದರು. ಪಾದ್ರಿ ಕಥೋಲಿಕಿಯ ಹೆಸರು ಓದಿದರು.

ಎರಡು ದಿನ ಬಿಟ್ಟು ಎರಡನೆಯ ತಟ್ಟೆ. ಈ ಸಲ ಮಿಕೇಸ್‌ನ ಹೆಸರಿನ ಮ. ಸಿನಿಮಾದಲ್ಲಿ ಕೊಸ್ತಾಸ್ ಬದುಕಿಕೊಂಡು ಮಿಕೇಸ್ ಸತ್ತ. "ನಿನ್ನ ಯಜಮಾನರನ್ನ ಎರಡನೇ ಸಲ ಸಾಯಿಸ್ತಿದ್ದೀಯಲ್ಲ," ಅಂದ ಆಂತೋನಿಸ್. "ಮೊದಲ್ನೇ ಸಲ ಸಾಯಿಸಿದ್ದು ನಿನ್ನ ಏಸಿ," ಅಂದಳು ಥೆಮೆಲೀನಾ. ನೊಮಿಕಿಗೆ ಮಿಕೇಸ್ ಬಾವ ಅಂದರೆ ಅಭಿಮಾನವಿತ್ತು. ಅವನು ಬೈಯುವಾಗ ಇವಳೊಬ್ಬಳೇ ಎದುರಿಗೆ ಕೂತು ಕೇಳುತ್ತಿದ್ದವಳು. ಆರನೆಯ ಸಲಕ್ಕೆ ಅವಳ ಕಣ್ಣಲ್ಲಿ ನೀರಾಡಿತು. ಇರೀನಿ ಉಸಿರು ಹಿಡಿದಳು. ಅದೇ ಗಳಿಗೆಯಲ್ಲಿ ಗುಡ್ಡೆಯ ಒಂದು ಮಗ್ಗುಲು ಜಾರಿ, ಅಕ್ಷರದ ಸಮೇತ ಮೇಜಿನ ಮೇಲೆ ಬಿತ್ತು. ನೊಮಿಕಿಗೆ ಕಣ್ಣೀರಿನ ನಡುವೆಯೇ ನಗು ಬಂತು. ಅಲ್ಲಿಗೆ ಅದೂ ಮುಗಿಯಿತು.

"ಇನ್ನೊಂದೇ ಒಂದು, ಅತ್ತೆ," ಅಂದಳು ಇರೀನಿ. "ಒಂದು ದೀಪ ತೆಗೆಸ್ತೀನಿ. ಶನಿವಾರ ವ್ಯಾನು ವಾಪಸು ಹೋಗ್ಬೇಕು."

"ಈ ಸಲ ಯಾರು?" ಅಂದ ಆಂತೋನಿಸ್, ನಿಲುವಂಗಿ ಮಡಚುತ್ತ. ತಾನು ಏನು ಕೇಳಿದೆನೆಂದು ಅವನಿಗೇ ಗೊತ್ತಾಗಲಿಲ್ಲ. ನೊಮಿಕಿ ಮಾತ್ರ ಚಮಚಗಳನ್ನು ಎಣಿಸುವುದನ್ನು ನಿಲ್ಲಿಸಿ, ಮತ್ತೆ ಮೊದಲಿಂದ ಎಣಿಸತೊಡಗಿದಳು.

ಮರುದಿನ ಮಧ್ಯಾಹ್ನ ಥೆಮೆಲೀನಾ ಅಂಗಡಿಗೆ ಬೀಗ ಹಾಕಿ ಮನೆಗೆ ಬಂದು ಗೋಧಿ ಆರಿಸಿದಳು. ಸತ್ತವರನ್ನೆಲ್ಲ ನೆನೆಯುವ ಆತ್ಮಗಳ ಶನಿವಾರಕ್ಕೆಂದು ಪಾದ್ರಿಗೆ ಕೊಡುವ ಹೆಸರಿನ ಚೀಟಿ ಅವಳ ಬಳಿ ಇತ್ತು. ಅದರಲ್ಲಿ ಅಪ್ಪ, ಚಿಕ್ಕಪ್ಪಂದಿರು, ಸೋದರತ್ತೆಯರು ಸೇರಿ ಇನ್ನೂ ಹದಿನಾಲ್ಕು ಜನ ತಮ್ಮ ಸರದಿಗೆ ಕಾಯುತ್ತಿದ್ದರು. ಯಾರ ಹೆಸರಿಗೆ ಬೇಯಿಸಿದರೂ ನಡೆಯುತ್ತಿತ್ತು. ಗೋಧಿ ನೀರಿಗೆ ಬೀಳುವಾಗ ಹೆಸರು ಹೇಳುವುದು ಅವಳ ತಾಯಿಯ ಪದ್ಧತಿ. ಬೊಗಸೆಯಲ್ಲಿ ಗೋಧಿ ಹಿಡಿದು ಪಾತ್ರೆಯ ಮುಂದೆ ನಿಂತಳು.

ತಾಯಿಗೆ ಮಾತು ಕೊಟ್ಟದ್ದು ನಿಜ. ಕೊಟ್ಟವಳು ತಾನು; ಆದರೆ ಹದಿನೆಂಟು ವರ್ಷ ಆ ಮಾತನ್ನು ಹೊತ್ತು ತಿರುಗಿದವಳು ನೊಮಿಕಿ. ತನಗೇನು ಕಷ್ಟವಾಯಿತು? ತಟ್ಟೆಗಳ ಲೆಕ್ಕದಲ್ಲಿ ಒಂದು ಕಡಿಮೆ, ಅಷ್ಟೇ. ತಮ್ಮ ಎಲ್ಲೋ ಇದ್ದಾನೆಂದು ಒಂದು ದಿನವೂ ನಂಬಿರಲಿಲ್ಲ. ನಂಬಿದವಳ ಹಾಗೆ ಕೂತಿದ್ದಳು. ಅಂಗಡಿಯಲ್ಲಿ ಹೀಗೆ ಮಾಡುವವರನ್ನು ಅವಳು ಬಲ್ಲಳು: ಸರಕು ಬರುವುದಿಲ್ಲವೆಂದು ತಿಳಿದೂ ಗಿರಾಕಿಯನ್ನು ನಾಳೆ ಬಾ ಅನ್ನುವವರು. ಅಂಥವರ ಬಗ್ಗೆ ಅವಳಿಗೆ ಒಳ್ಳೆಯ ಮಾತಿರಲಿಲ್ಲ.

"ಸಕೆಲ್ಲಾರಿಸ್," ಅಂದಳು. ಗೋಧಿ ನೀರಿಗೆ ಬಿತ್ತು.

ಶುಕ್ರವಾರ ಬೆಳಗ್ಗೆ ಸಭಾಂಗಣದಲ್ಲಿ ಎಲ್ಲರೂ ಸೇರಿದ್ದರು. ಥೆಮೆಲೀನಾ ಗುಡ್ಡೆಗೆ ಸಕ್ಕರೆ ಒತ್ತಿ ಮುಗಿಸಿ, ಶಿಲುಬೆ ಬರೆದು, ಕೆಳಗೆ ಒಂದೊಂದೇ ಬೆಳ್ಳಿ ಮಿಠಾಯಿ ಇಡತೊಡಗಿದಳು. ಅವಳ ಕೈ ಎಂದಿಗಿಂತ ನಿಧಾನವಾಗಿತ್ತು. ಸ ಮೂಡಿತು.

"ಸ ಅಂದ್ರೆ ಸಾವಾಸ್," ಅಂದಳು ಒಬ್ಬಳು. "ನಿಮ್ಮ ಚಿಕ್ಕಪ್ಪ ಅಲ್ವಾ?"

ಥೆಮೆಲೀನಾ ಕೊನೆಯ ಮಿಠಾಯಿ ಇಟ್ಟಳು. ಕಪ್ಪು ಉಡುಪಿನಲ್ಲಿ ಆಗಲೇ ಬಂದು ಕೂತಿದ್ದ ನೊಮಿಕಿ ತಟ್ಟೆಯನ್ನು ನೋಡಿದಳು. ಆಮೇಲೆ ಅತ್ತಿಗೆಯನ್ನು.

"ಅಕ್ಕ, ಇದು ಯಾರಿಗೆ?"

"ಸಿನಿಮಾದಲ್ಲಿ ಸತ್ತೋನಿಗೆ."

"ಅವನ ಹೆಸರು ಇವತ್ತು ಏನು?"

"ನಿಂಗೊತ್ತಿರೋದೇ."

ಇರೀನಿ ಕ್ಯಾಮರಾದ ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದು, ಮತ್ತೆ ಹಿಂದಕ್ಕೆ ಹೋದಳು. ಆಂತೋನಿಸ್ ನಿಲುವಂಗಿಯ ಗುಂಡಿ ಹಾಕಿಕೊಳ್ಳುತ್ತ, "ಥೆಮೆಲೀನಾ, ನಾನು... ಇದನ್ನ ನಾನು ಓದ್ಬಹುದಾ?" ಅಂದ. ಅವನ ದನಿಯಲ್ಲಿ ಪಾದ್ರಿ ಇರಲಿಲ್ಲ, ರಿಪೇರಿಯವನೇ ಇದ್ದ.

"ನೀನು ಬಾಯಿ ಆಡಿಸು ಸಾಕು. ಪಾದ್ರಿ ಭಾನುವಾರ ಓದ್ತಾರೆ. ನಿನ್ನೇನೇ ಹೋಗಿ ಹೇಳಿ ಬಂದಿದ್ದೀನಿ."

ಕ್ಯಾಮರಾ ಓಡಿತು. ಆಂತೋನಿಸ್ ಬಾಯಿ ಆಡಿಸಿದ. ನೊಮಿಕಿಯ ಕೈಗಳು ಎಲ್ಲಿದ್ದವೋ, ಈ ಸಲ ಯಾರೂ ಗಮನಿಸಲಿಲ್ಲ. ಚಮಚ ಎತ್ತಿ ತಿಂದಳು. ಗೋಧಿ ಅಗಿಯಲು ಹೊತ್ತು ಹಿಡಿಯುತ್ತದೆ. ಅವಳು ಪೂರ್ತಿ ಅಗಿದಳು.

"ಸಕೆಲ್ಲಾರಿಸ್‌ನನ್ನ ದೇವರು ಕ್ಷಮಿಸಲಿ," ಅಂದಳು. ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟಳು. "ದೇವರು ಕ್ಷಮಿಸಲಿ. ನನಗೆ ಇನ್ನೂ ಆಗಿಲ್ಲ."

ಎರಡನೆಯ ಮಾತು ಇರೀನಿ ಬರೆದದ್ದಲ್ಲ. ಅವಳು ಕಟ್ ಅನ್ನುವುದನ್ನು ಮರೆತಳು. ಕ್ಯಾಮರಾದವನು ತಾನಾಗಿಯೇ ನಿಲ್ಲಿಸಿದ. ತಟ್ಟೆಯ ಮೇಲೆ ಕಲೆ ಬಿದ್ದಿರಲಿಲ್ಲ. ಒಂದೇ ಸಲಕ್ಕೆ ಮುಗಿದಿದ್ದರಿಂದ ಅದಕ್ಕೆ ಹೊತ್ತು ಸಿಕ್ಕಿರಲಿಲ್ಲ.

ಸಂಜೆ ವ್ಯಾನಿಗೆ ಸಾಮಾನು ತುಂಬುವಾಗ ತಂಡದ ಹುಡುಗಿಯೊಬ್ಬಳು ಉಡುಪು ವಾಪಸು ಕೇಳಲು ಬಂದಳು. ನಾಟಕದ ಕಂಪನಿಯವರಿಗೆ ಶನಿವಾರ ಮುಟ್ಟಿಸಬೇಕಿತ್ತು. ನೊಮಿಕಿ ತೆಗೆದುಕೊಟ್ಟಳು. ಬೂದು ಉಟ್ಟು ಹೊರಗೆ ಬಂದವಳು, "ಭಾನುವಾರ ಚರ್ಚಿಗೆ ಏನು ಉಡ್ಲಿ?" ಅಂತ ಯಾರನ್ನೂ ನೋಡದೆ ಕೇಳಿದಳು.

"ನಂದಿದೆಯಲ್ಲ," ಅಂದಳು ಥೆಮೆಲೀನಾ.

"ನಿಂದು ನಂಗೆ ಡೇರೆ ಆಗುತ್ತೆ."

"ಕತ್ತರಿಸಿದ್ರಾಯ್ತು. ಬಾ."

ಶನಿವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ನೊಮಿಕಿ ಅತ್ತಿಗೆಯ ಕಪ್ಪು ಉಡುಪು ತೊಟ್ಟು ಸ್ಟೂಲಿನ ಮೇಲೆ ನಿಂತಳು. ಥೆಮೆಲೀನಾ ಮಂಡಿಯೂರಿ, ಬಾಯಲ್ಲಿ ಗುಂಡುಪಿನ್ನುಗಳ ಸಾಲು ಕಚ್ಚಿಕೊಂಡು, ಅಂಚು ಮಡಚುತ್ತ ಸುತ್ತು ಬಂದಳು. ಆ ವಯಸ್ಸಿನ ಮಂಡಿಗೆ ಅದು ಸುಲಭವಲ್ಲ. ಏನೋ ಹೇಳಲು ಹೋಗಿ ಗಂಟಲಲ್ಲಿ ಸದ್ದು ಮಾಡಿದಳು.

"ಮಾತಾಡ್ಬೇಡ, ಪಿನ್ನು ನುಂಗ್ತೀಯ," ಅಂದಳು ನೊಮಿಕಿ. "ಇಷ್ಟು ವರ್ಷ ನೀನು ಮಾತಾಡಿದ್ದೀಯ, ನಿಮ್ಮಮ್ಮ ಮಾತಾಡಿದ್ದಾರೆ. ಈಗ ನಾನು ಮಾತಾಡ್ತೀನಿ, ನೀನು ಕೇಳು."

ಥೆಮೆಲೀನಾ ತಲೆಯಾಡಿಸಿದಳು.

ನೊಮಿಕಿ ಬೇಕರಿಯವನಿಂದ ಶುರುಮಾಡಿದಳು. ಅವನು ಪ್ರತಿ ಗುರುವಾರ ಏನು ತರುತ್ತಿದ್ದ, ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಿದ್ದ, ಮೊದಲ ವರ್ಷದ ಕೊನೆಗೆ ಏನು ಕೇಳಿದ, ತಾ‌ನು ಏನು ಹೇಳಬೇಕಾಯಿತು. ಏರುದನಿಯಿಲ್ಲ, ಅಳುವಿಲ್ಲ, ಸಾಮಾನಿನ ಪಟ್ಟಿ ಓದಿದ ಹಾಗೆ, ಒಂದನ್ನೂ ಬಿಡದೆ. ಹೊರಗೆ ಯಾರೋ ಗಿರಾಕಿ ಬಕೆಟ್ಟಿನ ಹತ್ತಿರ ನಿಂತು, "ಯಾರಿದ್ದೀರಿ?" ಅಂತ ಎರಡು ಸಲ ಕೂಗಿ ಪಕ್ಕದ ಅಂಗಡಿಗೆ ಹೋದ.

ಥೆಮೆಲೀನಾ ಅಂಚಿನ ಸುತ್ತು ಒಂದು ಸಲ ಪೂರ್ತಿ ಬಂದಿದ್ದಳು; ಕೆಲಸ ಮುಗಿದಿತ್ತು. ನೊಮಿಕಿ ಇನ್ನೂ ಬೇಕರಿಯವನ ಮೂರನೆಯ ವರ್ಷದಲ್ಲಿದ್ದಳು. ಥೆಮೆಲೀನಾ ಮೊದಲ ಪಿನ್ನು ಕಿತ್ತು ಬಾಯಿಗೆ ಹಾಕಿಕೊಂಡು, ಮತ್ತೆ ಮೊದಲಿಂದ ಮಡಚತೊಡಗಿದಳು.